ನಾಲ್ಕು ಸಾಲು ಅಳಿಸಿದ ಮಾವ

ಹಿರಿಯ ವಕೀಲರು ಸಹಿ ಹಾಕಬೇಕಿದ್ದ ಪ್ರಮಾಣಪತ್ರದಲ್ಲಿ ‘ಸಾಕ್ಷ್ಯದ ಒಂದಕ್ಷರವನ್ನೂ ಬದಲಿಸಿಲ್ಲ’ ಎಂಬ ಸಾಲನ್ನು ಕೋರ್ಟಿನ ಟೈಪಿಸ್ಟ್ ಮುಗಿಸುವಷ್ಟರಲ್ಲಿ ಎದುರಿನ ಬೆಂಚಿನಲ್ಲಿ ದನಿ ಏರಿತು. ಅಲ್ಲಿ ಕೂತಿದ್ದವರು ಅದೇ ಹಿರಿಯರು. ರೇಗುತ್ತಿದ್ದವಳು ಅವರ ಸೋದರ ಸೊಸೆ, ಸೈಬರ್ ಕೇಸುಗಳ ವಕೀಲೆ. ಟೈಪಿಸ್ಟನ ಬೆರಳುಗಳು ನಿಂತವು.

“ಆ ಮೆಸೇಜುಗಳಿದ್ದ ಪೆನ್‌ಡ್ರೈವ್ ಯಾಕೆ ಮುಟ್ಟಿದ್ರಿ ಮಾವ?”

“ಆ ಹೊಲಸು ಬೈಗುಳಾನ ಜಡ್ಜ್ ಮುಂದೆ ಇಡೋಕಾಗುತ್ತೇನಮ್ಮ? ನಾಲ್ಕು ಸಾಲು ಅಳಿಸಿ ಸೇವ್ ಮಾಡಿದೆ, ಅಷ್ಟೇ.”

“ಆ ಬೈಗುಳಾನೇ ಕೇಸು! ಅದನ್ನ ನಮ್ಮ ಕಕ್ಷಿದಾರ ಹುಡುಗಿಗೆ ಕಳಿಸಿದವನ ಮೇಲೇ ನಾವು ಬಂದಿರೋದು!”

“ಕೋರ್ಟಿಗೊಂದು ಮರ್ಯಾದೆ ಬೇಡ್ವಾ?”

“ಒಂದು ಚುಕ್ಕಿ ಅಳಿಸಿದ್ರೂ ಸಾಕ್ಷಿ ತಿದ್ದಿದ್ದಾರೆ ಅಂತ ಅವನ ವಕೀಲ ಕುಣಿದಾಡ್ತಾನೆ. ಹನ್ನೆರಡು ವರ್ಷದಿಂದ ಬಾಯಿ ಬಡ್ಕೋತಿದ್ದೀನಿ. ನಿಮ್ಮ ಕಣ್ಣಿಗೆ ನಾನಿನ್ನೂ ಪ್ರಿಂಟರ್ ರಿಪೇರಿಯವಳು!”

“ಆ ಹುಡುಗಿ ಫೋನಲ್ಲಿ ಎಲ್ಲಾ ಇದೆಯಲ್ಲ, ಬಿಡು.”

“ಇದೆ. ಫೋನ್ ಮುಟ್ಟೋಕೇ ಭಯ ಅವಳಿಗೆ. ಆದ್ರೂ ನಾನು ಹೇಳಿದೆ ಅಂತ ನಾಲ್ಕು ತಿಂಗಳು ಒಂದನ್ನೂ ಅಳಿಸದೆ ಇಟ್ಕೊಂಡಿದ್ದಾಳೆ. ನಿಮಗೆ ಒಂದೇ ಒಂದು ಸಲ ಓದಿ ತಡ್ಕೊಳ್ಳೋಕಾಗಲಿಲ್ಲ.”

ಕೋರ್ಟ್ ಹಾಲಿನ ಒಳಗಿನಿಂದ ಅವರ ಕೇಸಿನ ಕೂಗು ಬಂತು. ಅವಳು ಎದ್ದು ದಡದಡನೆ ನಡೆದಳು. ಮಾವ ಹಿಂದೆಯೇ ಹೋದರು, ಸಹಿಗೆ ಪ್ರಮಾಣಪತ್ರವನ್ನು ಕೇಳದೆ.