ನಿಮ್ಮಪ್ಪನ ಹಾಡು ಇದ್ದ ಡಿಸ್ಕು

ನಗಬ್ಯಾಡ ದೀಪಾಲಿ, ಖರೇನ ಹಂಗಂದ್ರು! "ಕ್ಯಾಸೆಟ್ಟಿನ ಯಾವ ಮಗ್ಗಲು ಮೊದಲು ಅಂತ ತಿಳಿಯೂದಿಲ್ಲ, ನಾಗವ್ವ ಅಂಗಡಿ ಏನ್ ನಡಸ್ತಾಳ?" ನಿಮ್ಮ ಮುರುಗೆಪ್ಪ ಕಾಕಾ... ನಿಮ್ಮಪ್ಪ ತೀರಿದ ಹದಿಮೂರನೇ ದಿನ, ಅಂಗಡಿ ಬಾಗಲ್ದಾಗ ನಿಂತು. ನೀ ಎಂಟು ತಿಂಗಳ ಕೂಸು. ನಾ ಕ್ಯಾಸೆಟ್ಟಿನ ಮ್ಯಾಲಿನ ಅಕ್ಷರ ಕೂಡಿಸಿ ಕೂಡಿಸಿ ಮರಾಠಿ ಓದಾಕ ಕಲ್ತೆ. ಆಮ್ಯಾಲೆ ಪೇಪರಿನ್ಯಾಗಿನ ಶೇರಿನ ಪುಟ.

ಏನದು ಕೈಯಾಗ? ... ಎಲ್ಲಿ ಸಿಕ್ತು? ತಪ್ಕೀರ ಗಲ್ಲಿಯ ಮಷೀನಿನ ಅಂಗಡಿಯವರಿಗೆಲ್ಲಾ ತೋರಿಸಿ ಬಂದಿಯೇನು? ಇಡು ಕೆಳಗ. ಆ ಡಿಸ್ಕು ಎಲ್ಲೂ ಹಾಡೂದಿಲ್ಲ.

ಹೇಳ್ತೀನಿ, ಕೂಡು. ತೊಂಬತ್ತೊಂಬತ್ತರಾಗ ಎರಡು ಕಂಪನಿ ಬಡಿದಾಡ್ತಿದ್ದುವು. ಒಂದರದು ಈ ಸಣ್ಣ ಡಿಸ್ಕು. ಇನ್ನೊಂದರದು ಬರೇ ಕಂಪ್ಯೂಟರಿನ ಎಂಪಿ3. ಕೈಯಾಗ ಹಿಡ್ಯಾಕ ಬರದ ಹಾಡು ಯಾರು ಕೊಳ್ತಾರ, ಅಂದೆ. ಡಿಸ್ಕಿನ ಶೇರು ತಗೊಂಡೆ, ಮಷೀನೂ ತಗೊಂಡೆ. ಟೇಪಿನಿಂದ ಡಿಸ್ಕಿಗೆ ಮೊದಲ ಏರಿಸಿದ್ದು ನಿಮ್ಮಪ್ಪನ ಹಾಡು. ಜೇಜುರಿ ಗುಡಿ ಮೆಟ್ಟಲ ಮ್ಯಾಲೆ ಕುಂತು ಹಾಡಿದ್ದು. ನಡುವ ಕೆಮ್ಮಿ, "ನಾಗೂ, ನೀರು" ಅಂತಾನ. ಹತ್ತು ವರ್ಷ ಆ ಟೇಪು ಹಚ್ಚಿದ್ದಿಲ್ಲ ನಾ. ಏರಿಸೂವಾಗನೂ ದನಿ ಬಂದ್ ಮಾಡಿದ್ದೆ. ಕೆಂಪು ದೀಪ ಕುಣಿಯೂದಷ್ಟ ನೋಡಿದೆ.

ಏನು? ಮಷೀನು? ಡಿಸ್ಕಿಗೆ ಬೀಗ ಅದ, ತುಂಬಿದ ಮಷೀನಿನ್ಯಾಗಷ್ಟ ತೆರೀತದ. ನಕಲು ಆಗಬಾರ್ದು ಅಂತ. ನಕಲಿ ಕ್ಯಾಸೆಟ್ಟಿನವರ ಕಾಟ ಉಂಡಾಕಿ ನಾ... ಭಾಳ ಚಲೋ ಆತು ಅಂದೆ!

ಎರಡು ವರ್ಷದಾಗ ಕಾಲೇಜು ಹುಡುಗರು ಒಂದ ಸೀಡಿಯಾಗ ನೂರು ಹಾಡು ಕೇಳಾಕ ಹತ್ತಿದ್ರು. ನಾ ನೋಡಿದೆ, ತಿಳೀತು. ಬೀಳೂಕಿಂತ ಮೊದಲ ಡಿಸ್ಕಿನ ಶೇರು ಎಲ್ಲಾ ಮಾರಿ, ಎಂಪಿ3 ಕಂಪನಿಗೆ ಹಾಕಿದೆ. ಬೆಲಿ ಇದ್ದಾಗನ ಮಷೀನೂ ಕೊಟ್ಟೆ. ಯಾರಿಗೆ ಅಂತ ನೆನಪಿಲ್ಲ. ರೊಕ್ಕ ತಗದೆ. ಡಿಸ್ಕಿನ್ಯಾಗಿಂದ ನಿಮ್ಮಪ್ಪನ್ನ ತಗಿಯೂದು... ನೆನಪಾಗಲಿಲ್ಲ.

ಟೇಪಾ? ಹೇಳಿದ್ನಲ್ಲ, ಬೂಸರ ಹಿಡೀತು. ಮಳಿಗಾಲದಾಗ... ಕಪಾಟಿನ್ಯಾಗ...

ಹಂಗ್ಯಾಕ ನೋಡ್ತಿ? ಒಂದ ಸಲ ಅಪ್ಪನ ದನಿ ಕೇಳಬೇಕು ಅಂತಿ, ನನಗೇನ್ ಆಸೆ ಇಲ್ಲೇನು? ಏನರೆ ಅನ್ನು, ದೀಪಾಲಿ. ಬೈಯರೆ ಬೈಯಿ.

...

ಬೂಸರಲ್ಲ.

ಡಿಸ್ಕಿಗೆ ಏರಿಸಿದ ಮ್ಯಾಲೆ ಒಂದ ಸಲ ಸೋಮವತಿ ಅಮಾಸಿ ಜಾತ್ರಿ ಇತ್ತು. ಜೇಜುರಿಗೆ ಕರ್ನಾಟಕದ ಮಂದಿ ಬಸ್ಸಿಗೆ ಬಸ್ಸು ಇಳೀತಿದ್ರು. ಆರತಿ ತುಂಬಿ ಮಾರಾಕ ಖಾಲಿ ಕ್ಯಾಸೆಟ್ ತೀರಿದ್ದುವು. ಬ್ಯಾರೆ ಕಡೆ ಏರಿಸಿದ ಟೇಪು ಖಾಲಿ ಇದ್ದಂಗ, ಅದು ನಮ್ಮ ಅಂಗಡಿ ರೂಢಿ. ನಿಮ್ಮಪ್ಪನ ದನಿ ಮ್ಯಾಲೆ ಯಾರದೋ ಆರತಿ ತುಂಬಿದೆ. ಇಪ್ಪತ್ತೈದು ರೂಪಾಯಿಗೆ ಮಾರಿದೆ. ನಾನ, ಈ ಕೈಲೆ.

ವಿಮಾನ ನಗರದಾಗ ಎರಡು ಅಂಗಡಿ ಅದಾವು. ಈ ಮನಿ ಅದ. ಶೇರು ಅದಾವು. ಎಲ್ಲಾ ನನ್ನ ಹೆಸರಿಲೆ. ನಿಮ್ಮಪ್ಪನ ದನಿ ಇಲ್ಲ.