ಹನ್ನೊಂದು ಬುಗುರಿ, ಆಡದ ಒಂದು ಮಾತು

ಅಧ್ಯಕ್ಷರಾದ ಮುಖ್ಯೋಪಾಧ್ಯಾಯ ಬಸವಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ಚನ್ನಪಟ್ಟಣದ ಪೋಷಕರೇ, ಬೆಳಗಿನಿಂದ ಕುಣಿದು ದಣಿದಿರುವ ಮಕ್ಕಳೇ, ಸಭಿಕರೇ,

2008ರ ಡಿಸೆಂಬರ್ ಹನ್ನೆರಡು, ಶುಕ್ರವಾರ, ಪ್ರಾರ್ಥನೆಯ ಹೊತ್ತು. ಇದೇ ಶಾಲೆಯ ಅಂಗಳದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳ ಪ್ರಬಂಧವನ್ನು ಅವಳ ಕನ್ನಡ ಮೇಷ್ಟ್ರು ಎಲ್ಲರೆದುರು ಹರಿದು ಹಾಕಿದರು. ‘ಯಾರು ಬರ್ಕೊಟ್ರು, ಹೇಳು’ ಎಂದು ಮೂರು ಸಲ ಕೇಳಿದರು. ಅವಳು ಮೂರು ಸಲವೂ ‘ನಾನೇ ಸಾರ್’ ಎಂದಳು. ರಾಮನಗರದ ಜಿಲ್ಲಾ ಸ್ಪರ್ಧೆಗೆ ಹೋಗಬೇಕಿದ್ದ ಅವಳ ಹೆಸರನ್ನು ಮೇಷ್ಟ್ರು ಹೊಡೆದು ಹಾಕಿದರು. ಆ ಹುಡುಗಿ ಆಯಿಷಾ. ಹೋದ ಜೂನ್‌ನಿಂದ ಇದೇ ಶಾಲೆಯಲ್ಲಿ ಟೀಚರ್. ಆ ಮೇಷ್ಟ್ರು, ಈಗ ತಾನೇ ನೀವು ಶಾಲು ಹೊದಿಸಿದ ಈ ಅನಂತರಾಜು.

ಕೆಲಸವನ್ನು ನಾಳೆಗೆ ತಳ್ಳುವುದೇಕೆ, ತಳ್ಳದಿರುವುದು ಹೇಗೆ ಎಂದು ಮಕ್ಕಳಿಗೆ ತಿಳಿಸಿ ಎಂದಿದ್ದಾರೆ ಬಸವಯ್ಯನವರು. ಈ ವಿಷಯಕ್ಕೆ ನನಗಿಂತ ತಕ್ಕವರು ಜಿಲ್ಲೆಯಲ್ಲಿ ಸಿಗಲಾರರು.

ಬುಗುರಿ ಮಾಡುವುದರ ಬಗ್ಗೆ ಬರೆದಿದ್ದ ಅವಳ ಪ್ರಬಂಧದಲ್ಲಿ ಒಂದು ಸಾಲಿತ್ತು: ‘ತಿರುಗುವಾಗಲೇ ಮರಕ್ಕೆ ಕಾವು ಬರುತ್ತದೆ, ಆ ಕಾವಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ.’ ಹನ್ನೆರಡು ವರ್ಷದ ಹುಡುಗಿ ಇಷ್ಟು ಚೆನ್ನಾಗಿ ಬರೆಯಲಾರಳು ಎಂದು ತೀರ್ಮಾನಿಸಿದವನು ನಾನು. ಮರುವಾರ ದೂರು ಹೇಳಲೆಂದೇ ಅವಳ ತಂದೆ ಇದ್ರೀಸ್ ಸಾಹೇಬರ ಬಳಿ ಹೋದೆ. ಅವರು ಮರ ತಿರುಗಿಸುವ ಲೇತ್ ಮುಂದೆ ಕೂತು ಬುಗುರಿಗೆ ಕೆಂಪು ಅರಗು ಹಿಡಿಯುತ್ತಿದ್ದರು. ಮಾತು ಶುರುಮಾಡಲು, ‘ಮೊದಲು ಮರ ಕಾಯಿಸಬೇಕಲ್ಲವೇ?’ ಎಂದೆ.

‘ಯಾಕ್ ಕಾಯಿಸ್ಬೇಕು ಸಾರ್? ತಿರುಗ್ತಿದ್ರೆ ಕಾವು ತಾನೇ ಬತ್ತದೆ. ಕಾವು ಬರ್ಲಿ, ಆಮೇಲ್ ತಿರುಗ್ಸನ ಅಂತ ಕುಂತ್ರೆ ಸಂಜೆ ಆಯ್ತದೆ ಅಷ್ಟೇಯ. ನಮ್ ಆಯಿಷಾನ ಕೇಳಿ, ದಿನಾ ಇಲ್ಲೇ ಕುಂತ್ಕಂಡ್ ನೋಡ್ತದೆ.’

ಆ ಸಾಲು ಅವಳದೇ ಎಂದು ತಿಳಿದೂ ನಾನು ಒಂದು ಬುಗುರಿ ಕೊಂಡು ಮನೆಗೆ ಬಂದೆ.

ಮರುದಿನ ಪ್ರಾರ್ಥನೆಯಲ್ಲೇ ತಪ್ಪೊಪ್ಪಿಕೊಳ್ಳಬಹುದಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅವಳು ಹೈಸ್ಕೂಲಿಗೆ ಹೋಗಲಿ, ಆಮೇಲೆ ನನ್ನ ನಿವೃತ್ತಿಯಾಗಲಿ ಎಂದುಕೊಂಡೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಧೈರ್ಯ ಕೂಡಿಸಿಕೊಂಡು ಇದ್ರೀಸ್ ಸಾಹೇಬರಲ್ಲಿಗೆ ಹೋಗುವುದು, ಮಳೆ ಬೆಳೆ ವಿಚಾರಿಸುವುದು, ಒಂದು ಬುಗುರಿ ಕೊಂಡು ವಾಪಸಾಗುವುದು. ನನ್ನ ಹೆಂಡತಿ ಲತಾಮಣಿ ಒಮ್ಮೆ ಕೇಳಿದಳು: ‘ಏನ್ರೀ, ಮಕ್ಳಿಲ್ದಿರೋ ಮನೇಲಿ ಇಷ್ಟೊಂದ್ ಬುಗುರಿ ಯಾರ್ ಆಡಕ್ಕೆ?’ ಬೇಗ ಮನೆಗೆ ಬಂದ ಒಂದು ಮಧ್ಯಾಹ್ನ, ಅಡುಗೆಮನೆಯ ನೆಲದಲ್ಲಿ ಅವಳೇ ಬುಗುರಿ ಆಡಿಸುತ್ತಿದ್ದುದನ್ನು ಕಂಡು, ಸದ್ದಿಲ್ಲದೆ ಹೊರಗೆ ಹೋಗಿ ಒಂದು ಸುತ್ತು ಹಾಕಿಕೊಂಡು ಬಂದೆ. ಅದನ್ನೂ ಅವಳಿಗೆ ಹೇಳಿರಲಿಲ್ಲ. ಈಗ ಎರಡನೇ ಸಾಲಿನಲ್ಲಿ ಕೂತು ಕೇಳಿಸಿಕೊಂಡಳು.

ನಾನೇನು ಸೋಮಾರಿಯೇ? ಈ ಹದಿನಾರು ವರ್ಷದಲ್ಲಿ ಪತ್ರಿಕೆಗಳಿಗೆ ನೂರನಲವತ್ತು ಪತ್ರ ಬರೆದಿದ್ದೇನೆ. ಮಾಗಡಿ ಬಸ್ಸು ತಡವಾಯಿತೆಂದು ಬರೆದೆ. ಚರಂಡಿ ಕೆಲಸ ನಿಂತಿದೆಯೆಂದು ಬರೆದೆ. ಯಾಕೆ ಬರೆದೆ? ಬರೆಯಲೇಬೇಕಾಗಿದ್ದ ಒಂದು ಪತ್ರವನ್ನು ಬರೆಯಲಾರದೆ. ಮಕ್ಕಳೇ, ಮುಂದೂಡುವವನು ಸುಮ್ಮನೆ ಕೂತಿರುವುದಿಲ್ಲ. ಬೇರೆ ಯಾವುದೋ ಕೆಲಸದಲ್ಲಿ ಬೆವರು ಸುರಿಸುತ್ತಿರುತ್ತಾನೆ. ಅವನಿಗೆ ಕೆಲಸದ ಭಯವಿಲ್ಲ. ಆ ಕೆಲಸ ಹಿಡಿದರೆ ತಾನು ಎಂಥವನೆಂದು ತನಗೇ ಗೊತ್ತಾಗಿಬಿಡುತ್ತದಲ್ಲ, ಅದರ ಭಯ.

ಹನ್ನೊಂದನೇ ಬುಗುರಿ ಕೊಂಡ ದಿನ ಇದ್ರೀಸ್ ಸಾಹೇಬರು ಲೇತ್ ನಿಲ್ಲಿಸಿದರು. ‘ಮೇಷ್ಟ್ರೇ, ಬುಗುರಿ ಸಾಕು. ಮಾತೇನಾರ ಇದ್ರೆ ಆಡ್ಬುಡಿ. ನಂತಾವ ಅಲ್ಲ, ಅವಳ್ ತಾವ’ ಎಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ಪ್ರತಿ ಸಲ ಟೀ ತರಿಸಿಕೊಟ್ಟಿದ್ದರು.

ಹೋದ ತಿಂಗಳು ಶಾಲಾ ಸಂಚಿಕೆಗೆ ಏನಾದರೂ ಕೊಡಿ ಎಂದು ಮಕ್ಕಳು ಆಯಿಷಾ ಟೀಚರನ್ನು ಕೇಳಿದರಂತೆ. ‘ನಂಗೆ ಬರಿಯಕ್ಕೆ ಬರಲ್ಲ ಕಣ್ರೋ’ ಎಂದರಂತೆ. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಮೈಕ್ ಮುಂದೆ ಬಂದು ನಿಂತಾಗಲೂ ಧೈರ್ಯವಿರಲಿಲ್ಲ. ಮಾತನಾಡುತ್ತಾ ಆಡುತ್ತಾ ಒಸಿ ಬಂದಿದೆ.

ಆಯಿಷಾ, ತಾಯಿ, ಆ ಪ್ರಬಂಧ ನಿನ್ನದು. ಪ್ರತಿ ಅಕ್ಷರವೂ ನಿನ್ನದು. ತಪ್ಪು ನನ್ನದು. ನನ್ನನ್ನು ಕ್ಷಮಿಸುವುದಕ್ಕೆ ಅವಸರವಿಲ್ಲ. ಹದಿನಾರು ವರ್ಷ ನಾನು ತೆಗೆದುಕೊಂಡೆ, ನೀನು ಎಷ್ಟು ಬೇಕಾದರೂ ತೆಗೆದುಕೋ.

ಆದರೆ ಬಸವಯ್ಯನವರೇ, ನಿಮಗೆ ಆ ರಿಯಾಯಿತಿಯಿಲ್ಲ. ಈ ವರ್ಷದ ಸಂಚಿಕೆಯ ಮೊದಲ ಪುಟದಲ್ಲಿ ಆಯಿಷಾಳ ಹೆಸರು ಅಚ್ಚಾಗಬೇಕು. ಕೆಳಗೆ ಅವಳು ಬರೆದರೆ ಅವಳ ಬರಹ, ಬರೆಯದಿದ್ದರೆ ಖಾಲಿ ಜಾಗ. ಯಾಕೆ ಖಾಲಿ ಎಂದು ಅಡಿಯಲ್ಲಿ ನನ್ನ ಹೆಸರು ಹಾಕಿ ಎರಡು ಸಾಲು ನಾನು ಬರೆದುಕೊಡುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ, ನಮಸ್ಕಾರ. ಬಸವಯ್ಯನವರೇ, ಮೈಕ್ ಇಲ್ಲಿದೆ. ಆ ಪುಟ ಕೊಡುತ್ತೀರೋ ಇಲ್ಲವೋ? ‘ನೋಡೋಣ’ ಎನ್ನಬೇಡಿ. ಎಲ್ಲರೆದುರು ಹೇಳಿ, ನಾನು ನಿಂತೇ ಇರುತ್ತೇನೆ.