ಅಕ್ಕ ಅರೆದ ಮಸಾಲೆ

ಕೋರ್ಟಿನ ಜಗಲಿಯಲ್ಲಿ ತನ್ನ ವಕೀಲರಿಗಾಗಿ ಕಾದು ಬೇಸತ್ತಿದ್ದ ಕಿನ್ನಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳುತ್ತಿತ್ತು. ಅಕ್ಕ, ತಮ್ಮ, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಈಗಷ್ಟೇ ಒಳಗಿನಿಂದ ಬಂದಿದ್ದರು.

“ಆರ್ಬಿಟ್ರೇಶನ್‌ಗೇ ಹೋಗಲಿ, ಕೋರ್ಟಿನ ಹೊರಗೆ ಮಧ್ಯಸ್ಥರೇ ತೀರ್ಮಾನಿಸಲಿ ಅಂದರಲ್ಲ ಜಡ್ಜ್. ಒಪ್ಪಂದದಲ್ಲಿ ಹಾಗೇ ಉಂಟು ಅಂತ ನಾನು ಮೊದಲೇ ಹೇಳಿದ್ದೆ,” ಎಂದ ತಮ್ಮ.

“ತೀರ್ಮಾನ ಮಾಡುವವರು ಚಿತ್ತರಂಜನ ಮಾವ ಅಂತಲೂ ಉಂಟು. ನಿನ್ನ ಹೋಟೆಲಿನಲ್ಲಿ ಅವರಿಗೆ ಪಾಲಿಲ್ಲವಾ?”

“ಅದಕ್ಕೇ ಮಾವನ ಬದಲು ಬೇರೆಯವರನ್ನು ನೇಮಿಸ್ತಾರೆ. ನೀನು ಸೈನ್ ಹಾಕಿದ್ದೀಯಲ್ಲ ಅಕ್ಕ.”

“ಹಾಕಿದ್ದೇನೆ. ಹೋಟೆಲಿನ ಗಣಹೋಮದ ದಿನ, ನನ್ನ ಕೈಯಲ್ಲಿ ಪ್ರಸಾದ ಇರುವಾಗ ಕಾಗದ ಮುಂದೆ ಹಿಡಿದೆ ನೀನು. ತಮ್ಮ ಕೊಟ್ಟ ಕಾಗದವನ್ನು ಯಾರು ಓದ್ತಾರೆ ಮಾರಾಯ?”

“ಒಂದು ಕೋಣೆಯೊಳಗೆ ಮುಗಿಯಲಿ. ಎಲ್ಲರೆದುರು ಎಂತಕ್ಕೆ? ಮನೆಯ ಮರ್ಯಾದೆಯ ಪ್ರಶ್ನೆ.”

“ನಿನ್ನ ಹೋಟೆಲಿನಲ್ಲಿ ಮಾಡುವ ಗಸಿಯ ಮಸಾಲೆ ನನ್ನಿಂದಲೇ ತಗೊಳ್ತೇನೆ ಅಂತ ಬರೆದುಕೊಟ್ಟದ್ದು ನೀನು. ಅಮ್ಮ ನನಗೆ ಕಲಿಸಿದ ಅಳತೆಯನ್ನು ಬಂದರಿನ ಮಸಾಲೆ ಮಿಲ್ಲಿನವನಿಗೆ ಹೇಳಿಕೊಟ್ಟದ್ದೂ ನೀನು. ಆಗ ಮರ್ಯಾದೆ ಎಲ್ಲಿ ಹೋಗಿತ್ತು? ನಾಲ್ಕು ಜನ ಕೇಳಲಿ ಅಂತಲೇ ನಾನು ಕೋರ್ಟಿಗೆ ಬಂದದ್ದು. ಈಗ ಅದೂ ಇಲ್ಲ.”

ತಮ್ಮ ಎದ್ದ.

“ಹೊತ್ತಾಯಿತು. ಹೋಟೆಲಿಗೆ ಬಾ, ಊಟ ಮಾಡಿಕೊಂಡು ಹೋಗು.”

“ಗಸಿಗೆ ಯಾರು ಅರೆದ ಮಸಾಲೆ?”

ಅವನು ಪ್ಯಾಂಟಿನ ಕಿಸೆಗಳಲ್ಲಿ ಕಾರಿನ ಕೀ ಹುಡುಕತೊಡಗಿದ. ಕೀ ಅವನ ಎಡಗೈಯಲ್ಲೇ ಇರುವುದು ಕಿನ್ನಿಗೆ ಕಾಣುತ್ತಿತ್ತು. ಅವನು ಹುಡುಕುತ್ತಲೇ ಇದ್ದ. ಅಕ್ಕ ಶಕ್ತಿನಗರದ ಬಸ್ಸಿಗೆಂದು ಮೆಟ್ಟಿಲಿಳಿದು ಹೋದಳು.